ಹಿತ್ತಲಿನ ಸವತಿ

ನಿಡುಗಲ್ಲಿನ ಓಬಳಯ್ಯನಿಗೆ ಇಬ್ಬರು ಹೆಂಡಿರು ತೀರಿಕೊಂಡಿದ್ದರು. ಒಬ್ಬಳು ಜ್ವರಕ್ಕೆ, ಇನ್ನೊಬ್ಬಳು ಹಾವು ಕಚ್ಚಿ. ರಾಮಾಂಜಿನಮ್ಮನನ್ನು ತರುವ ಮಾತಾದಾಗ ಕುಲದ ಹಿರಿಯ ಕದಿರಯ್ಯ ಅಡ್ಡ ಬಂದ. ಮೂರನೆಯ ಹೆಂಡತಿ ಬಾಳುವುದಿಲ್ಲವಂತೆ. ಹಾಗಾಗಿ ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಿ ಅದನ್ನು ಕಡಿದುಹಾಕಬೇಕು. ಸಾಯಬೇಕಾದವಳು ಸತ್ತಂತಾಯಿತು, ಬರುವವಳು ನಾಲ್ಕನೆಯವಳಾದಳು. ೧೯೫೪ರ ಬೇಸಿಗೆಯಲ್ಲಿ ಓಬಳಯ್ಯ ಹಿತ್ತಲಿನ ಎಕ್ಕಕ್ಕೆ ಅರಿಶಿನದ ಕೊಂಬು ಕಟ್ಟಿದ. ಕದಿರಯ್ಯ ಮಚ್ಚಿನಿಂದ ಬುಡಕ್ಕೆ ಕಡಿದ. ಓಬಳಯ್ಯ ತಲೆಗೆ ನೀರು ಹಾಕಿಕೊಂಡು ಸೂತಕ ಕಳೆದ. ಮರುವಾರ ರಾಮಾಂಜಿನಮ್ಮ ಹೊಸ ಸೀರೆಯುಟ್ಟು ಆ ಮನೆಯ ಹೊಸ್ತಿಲು ದಾಟಿದಳು.

ಮುಂಗಾರು ಹನಿ ಬಿದ್ದ ಮೇಲೆ ಅವಳು ಪಾತ್ರೆ ತೊಳೆಯಲು ಹಿತ್ತಲಿಗೆ ಹೋದರೆ, ಕಡಿದ ಬುಡದಲ್ಲಿ ಬೂದುಹಸಿರು ಚಿಗುರು. ಓಬಳಯ್ಯನ ಅಕ್ಕ ಚಿಕ್ಕಹನುಮಕ್ಕ ಎದೆ ಹಿಡಿದುಕೊಂಡಳು.

"ಅಯ್ಯೋ, ಸತ್ತೋಳು ಎದ್ದು ಬಂದವ್ಳೆ ಕಣ್ಲಾ ಓಬಳಾ!"

ಕದಿರಯ್ಯ ಮತ್ತೆ ಕಡಿದ. ಮತ್ತೆ ಚಿಗುರಿತು, ಮೊದಲಿಗಿಂತ ದಪ್ಪಗೆ. ಓಬಳಯ್ಯ ಗುದ್ದಲಿ ತಂದು ಸೊಂಟದುದ್ದ ಅಗೆದ. ಬೇರು ಅಲ್ಲಿಂದಲೂ ಕೆಳಗೆ ಬಂಡೆಯ ಸಂದಿಗೆ ನುಗ್ಗಿತ್ತು. ಗುಂಡಿ ಮುಚ್ಚಿ ಬಂದ.

ಎರಡನೆಯ ವರ್ಷ ರಾಮಾಂಜಿನಮ್ಮನಿಗೆ ಜ್ವರ ಬಂತು. ನೋಡಲು ಬಂದವರು ಅವಳನ್ನು ನೋಡಿ, ಹಿತ್ತಲ ಬಾಗಿಲಿಂದ ಗಿಡವನ್ನೂ ನೋಡಿಕೊಂಡು ಹೋದರು. ಓಬಳಯ್ಯ ಒಳಗೆ ಬರಲೇ ಇಲ್ಲ. ಜಗಲಿಯ ಮೇಲೆ ಕೂತು, ಒಳಗೆ ಸದ್ದಡಗಿದಾಗಲೆಲ್ಲ "ಇದ್ದೀಯೇನೇ?" ಎಂದು ಕೂಗುತ್ತಿದ್ದ.

"ಇವ್ನಿ ಬುಡು" ಎನ್ನುತ್ತಿದ್ದಳು.

ಜ್ವರ ಇಳಿಯುವ ಮೊದಲೇ ಚಿಕ್ಕಹನುಮಕ್ಕ ಬೇರು ಸುಡಲು ಸೀಮೆಎಣ್ಣೆ ಹಿಡಿದು ಬಂದಳು. ರಾಮಾಂಜಿನಮ್ಮ ಕಂಬಳಿ ಹೊದ್ದು, ಗೋಡೆ ಹಿಡಿದುಕೊಂಡು ಹಿತ್ತಲಿಗೆ ನಡೆದಳು. ಮಲಗಿದ್ದಲ್ಲಿ ಅವಳಿಗೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿತ್ತು.

"ಅಕ್ಕಾ, ಮೂರನೆಯೋಳು ಯಾರು?"

"ಅದೇ, ಆ ಗಿಡ."

"ಸಾಯೋ ಸರದಿ ಯಾರ್ದು?"

"ಮೂರನೆಯೋಳ್ದು."

"ಅವಳಿನ್ನೂ ಸತ್ತಿಲ್ವಲ್ಲ. ಅವಳು ಇರೋಗಂಟ ಸರದಿ ನನ್ತಾವ ಹೆಂಗೆ ಬತ್ತದೆ? ಬೆಂಕಿ ಇಕ್ಬ್ಯಾಡ."

ಚಿಕ್ಕಹನುಮಕ್ಕ ಸೀಮೆಎಣ್ಣೆ ಕೆಳಗಿಟ್ಟು ಬೆರಳು ಮಡಚಿ ಎಣಿಸಿ ನೋಡಿದಳು. ಮಾತಿನಲ್ಲಿ ತಪ್ಪು ಸಿಗಲಿಲ್ಲ. ಸಂಜೆಯೊಳಗೆ ಓಬಳಯ್ಯ ಗಿಡದ ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿದ್ದ.

ಅಂದಿನಿಂದ ರಾಮಾಂಜಿನಮ್ಮ ಅದನ್ನು ಸಾಕಿದಳು. ಮೊದಮೊದಲು ದಿನವೂ ನೀರು ಸುರಿದಳು. ಎಲೆ ಹಳದಿಯಾಗಿ ಉದುರಿತು. ಗಾಬರಿಯಾಗಿ ನಿಲ್ಲಿಸಿದಳು, ಚೇತರಿಸಿಕೊಂಡಿತು. ಆಮೇಲೆ ಬಚ್ಚಲ ನೀರನ್ನು ಸೋರೆ ಬಳ್ಳಿಯ ಕಡೆ ತಿರುಗಿಸಿದಳು. ಪಟ್ಟೆಪಟ್ಟೆ ಹುಳು ಎಲೆ ತಿಂದರೂ ಸುಮ್ಮನಿದ್ದಳು. ಗಿಡ ಸೂರು ಮುಟ್ಟಿ, ಗೊಂಚಲು ಗೊಂಚಲಾಗಿ ತಿಳಿನೇರಳೆ ಹೂ ಬಿಟ್ಟಿತು. ಅರವತ್ತೈದರಲ್ಲಿ ಮಳೆ ಕೈಕೊಟ್ಟು ಸೋರೆ ಬಳ್ಳಿ ಒಣಗಿತು. ಎಕ್ಕಕ್ಕೆ ಸುದ್ದಿಯೇ ಮುಟ್ಟಿದಂತಿರಲಿಲ್ಲ. ಬಯಲಿನಲ್ಲೂ ಎಕ್ಕವಿತ್ತು, ಆದರೆ ಇಷ್ಟು ಹೂ ಎಲ್ಲೂ ಇರಲಿಲ್ಲ. ಶನಿವಾರ ಹನುಮಂತರಾಯನಿಗೆ ಹಾರ ಕಟ್ಟುವವರು ಅವಳ ಬಾಗಿಲಿಗೇ ಬರತೊಡಗಿದರು.

"ನಿನ್ ಸವತಿ ಹೆಂಗವ್ಳಮ್ಮ?"

"ಚೆನ್ನಾಗವ್ಳೆ. ಹೂ ಕಿತ್ಕಳ್ಳಿ, ರೆಂಬೆ ಮುರೀಬ್ಯಾಡಿ. ಹಾಲು ಕಣ್ಣಿಗೆ ಬಿದ್ದಾತು."

ಅರವತ್ತೆಂಟರಲ್ಲಿ ಹಿತ್ತಲಿಗೆ ಗೋಡೆ ಹಾಕಲು ಶಿರಾದಿಂದ ಗಾರೆ ಕೆಲಸದ ಹುಸೇನ್ ಸಾಬ್ ಬಂದರು. ದಾರ ಎಳೆದರೆ ಗಿಡ ಅಡ್ಡ.

"ಇದನ್ನ ತೆಗೆಯೋಣ್ವಾ ಓಬಳಯ್ಯನೋರೆ?"

"ನನ್ನ ಕೇಳ್ಬ್ಯಾಡಿ ಸಾಬ್ರೆ. ಒಳಗವ್ಳೆ, ಕೇಳಿ."

ರಾಮಾಂಜಿನಮ್ಮ ಹಿಟ್ಟಿನ ಕೈಯಲ್ಲೇ ಬಂದು, ಗೋಡೆ ಎಲ್ಲಿ ಬಾಗಬೇಕೆಂದು ತೋರಿಸಿ ಒಳಗೆ ಹೋದಳು. ಹುಸೇನ್ ಸಾಬ್ ದಾರ ಬಿಚ್ಚಿ ಹೊರಕ್ಕೆ ಸರಿಸಿ ಕಟ್ಟಿದರು. ಓಬಳಯ್ಯ ಕಲ್ಲು ಎತ್ತಿಕೊಡುತ್ತ ಆ ದಾರದ ಕಡೆ ನೋಡಿದ.

"ಇನ್ನೊಂದು ಗೇಣು ಬುಡಿ" ಎಂದ. "ಅವಳು ಇನ್ನೂ ಅಗಲ ಆಯ್ತಾಳೆ."