ಆರನೇ ಹೆಡಗಿ

ಆ ಗಳಿಗೆಯಲ್ಲಿ ನನ್ನ ಕಣ್ಣಿದ್ದದ್ದು ತಟ್ಟೆಯ ಮೇಲೆ. ಕೆಂಪು ಪ್ಲಾಸ್ಟಿಕ್ ತಟ್ಟೆ ಜಾಲಿಗಿಡದ ನೆತ್ತಿ ದಾಟಿ ಎಡಕ್ಕೆ ವಾಲುತ್ತಿತ್ತು. ‘ಬೀಳ್ತದ, ಬೀಳ್ತದ!’ ಎಂದು ಕೂಗಿದವನೂ ನಾನೇ. ತಿರುಗಿ ನೋಡಿದರೆ ಎಸೆದವನು ಇರಲಿಲ್ಲ.

ಇಷ್ಟು ವರ್ಷಗಳಾದ ಮೇಲೂ ಆ ದಿನದಲ್ಲಿ ನನಗೆ ಮೊದಲು ಕಾಣುವುದು ಆ ಖಾಲಿ ಜಾಗ.

ಅವನು ನನ್ನ ಕಾಲೇಜಿನ ಗೆಳೆಯ, ಬ್ಯಾಡಗಿಯವನು. ಡಿಗ್ರಿ ಮುಗಿಸಿ ದೈಹಿಕ ಶಿಕ್ಷಣ ಓದಲು ಹೋದಲ್ಲಿ ಡಿಸ್ಕ್ ಗಾಲ್ಫ್ ಎಂಬ ಆಟ ಕಲಿತು ಬಂದಿದ್ದ. ತಟ್ಟೆಯನ್ನು ತೂರಿ ತೂರಿ, ಆದಷ್ಟು ಕಡಿಮೆ ಎಸೆತಗಳಲ್ಲಿ ದೂರದ ಬುಟ್ಟಿಗೆ ಹಾಕಬೇಕು. ಇದನ್ನು ವಿವರಿಸಿದಾಗ ಅವನ ಅಕ್ಕ, ‘ಗೊತ್ತೈತಿ ತಗೋ. ಪಲ್ಯಕ್ಕ ಉಪ್ಪು ಹೆಚ್ಚಾದ್ರ ನಿಮ್ಮ ಮಾಮಾ ಮನ್ಯಾಗ ಇದನ್ನ ಆಡ್ತಾರ’ ಎಂದು ತನ್ನ ಗಂಡನನ್ನು ಗೇಲಿ ಮಾಡಿದ್ದಳು.

ಕದರಮಂಡಲಗಿ ಕಡೆಯ ದಾರಿಯಲ್ಲಿ ಅವರ ಸಂಬಂಧಿಕರು ಹೊಸದಾಗಿ ಕೊಂಡ ಹೊಲವೊಂದು ಬಿತ್ತನೆಯಿಲ್ಲದೆ ಪಡಾ ಬಿದ್ದಿತ್ತು. ಗೆಳೆಯ ಅಲ್ಲಿ ಅಲ್ಲಲ್ಲಿ ಗೂಟ ನೆಟ್ಟು, ಮೆಣಸಿನಕಾಯಿ ತುಂಬುವ ಹಳೆಯ ಹೆಡಗಿಗಳನ್ನೇ ಆಟದ ಬುಟ್ಟಿಗಳೆಂದು ಅವುಗಳಿಗೆ ಬಿಗಿದಿದ್ದ. ಮಂಗಗಳು ಕಿತ್ತು ಹಾಕಬಾರದೆಂದು ಒಂದೊಂದು ಹೆಡಗಿಗೂ ಮಾರುಗಟ್ಟಲೆ ಹಗ್ಗ ಸುತ್ತಿದ್ದ. ‘ಹನಮಪ್ಪನ ಊರಾಗ ಮಂಗ್ಯಾನ ಜೋಡಿ ಪಂದ್ಯಾ ಕಟ್ಟೀಯೇನು?’ ಎಂದು ಅಕ್ಕ ನಕ್ಕಿದ್ದಳು.

ಮಳೆಗಾಲ ಮುಗಿದಿತ್ತಷ್ಟೇ. ಹುಲ್ಲು ಎದೆಮಟ್ಟ. ನಾನು ಹಾವೇರಿಯಿಂದ ಬೈಕಿನಲ್ಲಿ ಹೋಗಿದ್ದೆ. ಅಕ್ಕ ರೊಟ್ಟಿಗಂಟಿನ ಜೊತೆ ಒಂದು ಕುಡುಗೋಲನ್ನೂ ತಂದಿದ್ದಳು. ಮುಂದೆ ಮುಂದೆ ಹುಲ್ಲು ಸವರುತ್ತಾ, ನಮ್ಮಿಬ್ಬರಿಗಿಂತ ಚೆನ್ನಾಗಿ ಎಸೆಯುತ್ತಾ ನಡೆದಿದ್ದಳು. ಐದು ಹೆಡಗಿ ಮುಗಿಯುವಾಗ ತಮ್ಮ ಅವಳಿಗಿಂತ ಒಂದೇ ಎಸೆತ ಹಿಂದಿದ್ದ.

ಆರನೆಯದಕ್ಕೆ ಅವನು ಎಸೆದ ತಟ್ಟೆ ಲಂಟಾನದ ದಟ್ಟ ಪೊದೆಯ ನಡುವೆ ಬಿತ್ತು. ಸುತ್ತ ಅರ್ಧ ಕೊಳೆತ ಮುಳ್ಳುಕಂಟಿ. ಹಳೆಯ ಬೇಲಿ ಇರಬೇಕು ಎಂದುಕೊಂಡೆವು.

‘ಹೊರಗ ಬಂದು ಒಗಿ. ಒಂದು ಎಸೆತ ಹೆಚ್ಚು ಹಿಡಿಯೂಣು, ಮುಗೀತು’ ಎಂದಳು ಅಕ್ಕ.

‘ಇಲ್ಲಬೇ. ತಟ್ಟಿ ಬಿದ್ದಲ್ಲೆ ನಿಂತ ಒಗೀಬೇಕು. ಆಟದ ನಿಯಮ.’

‘ಒಗಿಯಪ್ಪಾ ನ್ಯಾಯಾಧೀಶ. ಮುಳ್ಳಿಗೆ ಚೊಣ್ಣಾ ಹರದ್ರ ನನ್ನ ಮುಂದ ಅಳಬ್ಯಾಡ.’

ಅವನು ಕಂಟಿಯನ್ನು ಬೂಟಿನಿಂದ ಒತ್ತಿ ಒಳಗೆ ಹೋದ. ತಟ್ಟೆ ಎತ್ತಿಕೊಂಡ. ದೂರ ಎಸೆಯಲು ಮೈಯ ಭಾರವನ್ನೆಲ್ಲ ಮುಂದಿನ ಕಾಲಿಗೆ ಹಾಕಬೇಕು. ಹಾಗೆಯೇ ಹಾಕಿದ. ನಾನು ತಟ್ಟೆ ನೋಡಿದೆ.

ಮೊದಲು ಕೇಳಿದ್ದು ಎಲೆಗಳ ಸದ್ದು. ಆಮೇಲೆ ಅವನ ದನಿ. ಕಿರುಚಾಟವಲ್ಲ, ಯಾರಿಗೋ ಗುಟ್ಟು ಹೇಳುವಂಥ ಸಣ್ಣ ದನಿ.

‘ಅಕ್ಕಾ, ಕೆಳಗ ನೆಲಾ ಇಲ್ಲ.’

ನಾನು ಓಡಿದೆ. ಅಕ್ಕ ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದಳು. ‘ನಿಂದ್ರೋ ತಮ್ಮಾ! ಹಾಳಬಾವಿ ಐತಿ. ನೀನೂ ಹೋಗ್ತಿ!’

ಪೊದೆಯ ಮೇಲೆ ಅವನ ತಲೆ, ಎರಡು ತೋಳು ಮಾತ್ರ ಕಾಣುತ್ತಿದ್ದವು. ಬಾವಿಯ ಬಾಯಿಗೆ ಅಡ್ಡಡ್ಡ ಹಬ್ಬಿದ ಲಂಟಾನದ ಕಾಂಡಗಳು ಕಂಕುಳಲ್ಲಿ ಸಿಕ್ಕಿ ಅವನನ್ನು ಹಿಡಿದಿದ್ದವು. ಅವನ ಸುತ್ತಿನ ಮಣ್ಣು ಸ್ವಲ್ಪ ಸ್ವಲ್ಪವೇ ಜಾರುತ್ತಿತ್ತು. ಕೆಳಗೆ ಬಿದ್ದ ಸದ್ದು ಕೇಳುತ್ತಿರಲಿಲ್ಲ.

‘ಹೆಡಗಿ ಹಗ್ಗಾ ತಗೊಂಬಾ, ಲಗೂ’ ಎಂದು ಅಕ್ಕ ಕುಡುಗೋಲನ್ನು ನನ್ನ ಕೈಗೆ ತುರುಕಿದಳು.

ಆರನೇ ಹೆಡಗಿಯ ಕಡೆಗೆ ಓಡುವಾಗ ಪ್ರತಿ ಹೆಜ್ಜೆಯಲ್ಲೂ ನೆಲ ಬಿಟ್ಟುಕೊಡುತ್ತದೆ ಅನ್ನಿಸುತ್ತಿತ್ತು. ಮಂಗಗಳಿಗೆಂದು ಅವನು ಹಾಕಿದ ಗಂಟು ಬಿಚ್ಚಲು ನನಗೂ ಆಗಲಿಲ್ಲ. ಗಂಟನ್ನೇ ಕೊಯ್ದೆ. ಸುತ್ತು ಬಿಡಿಸುತ್ತಿದ್ದಾಗ ಹೆಡಗಿ ಉರುಳಿ ಹೋಯಿತು. ಹಿಂದೆ ಅಕ್ಕನ ಮಾತು ಕೇಳುತ್ತಲೇ ಇತ್ತು:

‘ಕಾಲು ಅಲ್ಲಾಡಸಬ್ಯಾಡ. ಬಾಯಿ ಅಷ್ಟ ಆಡಸು, ದಿನಾ ಆಡಸ್ತೀಯಲ್ಲ. ಏನರೆ ಮಾತಾಡು.’

‘ಏನ ಮಾತಾಡ್ಲಿ?’

‘ನಾ ಗೆದ್ದೆ ಅಂತ ಒಪ್ಕೊ.’

‘ಇನ್ನಾ ಆಟಾ ಮುಗಿದಿಲ್ಲ’ ಎಂದ.

ಹಗ್ಗದ ಒಂದು ತುದಿಯನ್ನು ಜಾಲಿಗಿಡಕ್ಕೆ ಕಟ್ಟಿದೆ. ಇನ್ನೊಂದು ತುದಿಗೆ ಅಕ್ಕ ಕುಣಿಕೆ ಮಾಡಿ, ಹೊಟ್ಟೆಯ ಮೇಲೆ ಮಲಗಿ ಅವನೆಡೆಗೆ ತೂರಿದಳು. ಅದನ್ನು ತೊಡಲು ಅವನು ಒಂದು ಕೈ ಬಿಡಬೇಕಿತ್ತು. ಬಿಟ್ಟ. ಒಂದು ಕಾಂಡ ಲಟ್ಟನೆ ಮುರಿದು ಅವನು ಗಲ್ಲದವರೆಗೆ ಇಳಿದ. ಅಷ್ಟರಲ್ಲಿ ಕುಣಿಕೆ ಕಂಕುಳಿಗೆ ಬಂದಿತ್ತು. ಜಗ್ಗಿದೆವು. ಮುಳ್ಳುಕಂಟಿಯ ಮೇಲೇ ಅವನನ್ನು ಎಳೆದುಕೊಂಡೆವು. ಹೊರಗೆ ಬಂದು ಬಿದ್ದವನು ಹುಲ್ಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡ. ಎಷ್ಟು ಹೇಳಿದರೂ ಬಿಡಲಿಲ್ಲ. ತಟ್ಟೆ ಎಲ್ಲಿ ಬಿತ್ತೆಂದು ಯಾರೂ ಕೇಳಲಿಲ್ಲ, ನಾನೂ ನೋಡಲಿಲ್ಲ. ನನ್ನ ನೆನಪಿನಲ್ಲಿ ಅದು ಇನ್ನೂ ಎಡಕ್ಕೆ ವಾಲುತ್ತಲೇ ಇದೆ.

ಮರುದಿನ ಅಕ್ಕ ನಮ್ಮಿಬ್ಬರನ್ನೂ ಮತ್ತೆ ಅಲ್ಲಿಗೆ ಕರೆದುಕೊಂಡು ಹೋದಳು. ದನ, ಮನುಷ್ಯರು ಬೀಳಬಾರದೆಂದು ಹಿಂದೆ ಯಾರೋ ಬಾವಿಯ ಸುತ್ತ ಹಚ್ಚಿದ್ದ ಮುಳ್ಳು ಕೊಳೆತಿತ್ತು, ಹೊಸದನ್ನು ಹಚ್ಚಬೇಕಿತ್ತು. ಕೋಲಿನಿಂದ ನೆಲ ತಟ್ಟುತ್ತಾ ನಡೆದು, ಜಾಲಿ ಕಡಿದು ತಂದು ಹಚ್ಚಿದೆವು. ಗೆಳೆಯ ಹತ್ತಿರ ಬರಲಿಲ್ಲ. ದೂರದಲ್ಲಿ ನಿಂತು, ‘ಒಂದು ಕಲ್ಲು ಒಗದು ನೋಡು’ ಎಂದ.

ಒಗೆದೆ. ಮೂವರೂ ಕಿವಿಗೊಟ್ಟು ನಿಂತೆವು. ಸದ್ದಿಲ್ಲ. ಕಲ್ಲು ಪೊದೆಯಲ್ಲೇ ಸಿಕ್ಕಿಕೊಂಡಿತೇನೋ ಎಂದು ಇನ್ನೊಂದಕ್ಕೆ ಬಗ್ಗಿದೆ. ಆಗ ಬಹಳ ಕೆಳಗಿನಿಂದ ನೀರಿನ ಸದ್ದು ಬಂತು.

ಗೆಳೆಯ ನಿಂತಲ್ಲೇ ಕುಸಿದು ಕುಳಿತ. ಅಕ್ಕ ಏನಾದರೂ ಅಂದಾಳು, ಅವನನ್ನು ಕೆಣಕಿಯಾಳು ಎಂದು ನಾನು ಕಾದೆ. ಅವಳು ಹೋಗಿ ಅವನ ಪಕ್ಕ ಕುಳಿತಳು.