ಹೌಸೋ ಟ್ರಾನ್ಸೋ ಎಂಬ ಚಿಂತೆ

ನನಗೊಂದು ಕೆಟ್ಟ ಚಟವಿದೆ. ಸಂಗೀತ ಕಚೇರಿಯಲ್ಲಿ ಗಾಯಕರು ಆಲಾಪನೆಗೆ ಬಾಯಿ ತೆರೆದರೆ ಸಾಕು, ಪಕ್ಕದವರ ಕಿವಿಯ ಬಳಿ ಬಾಗಿ ರಾಗದ ಹೆಸರು ಹೇಳಿಬಿಡುತ್ತೇನೆ. ಅವರು ನನ್ನನ್ನು ಕೇಳಿರುವುದೇ ಇಲ್ಲ. ಮೈಸೂರಿನಲ್ಲಿ ಅಂಟಿದ ಈ ಚಟ ಕಲ್ಕತ್ತೆಗೆ ಬಂದ ಮೇಲೂ ಬಿಡಲಿಲ್ಲ. ರೈಲ್ವೆಯಲ್ಲಿ ನನ್ನ ಕೆಲಸವೂ ಅದಕ್ಕೆ ತಕ್ಕಂತೆಯೇ ಇತ್ತು: ಯಾವ ಸರಕು ಯಾವ ವರ್ಗಕ್ಕೆ ಸೇರಿದ್ದೆಂದು ಗೊತ್ತುಮಾಡುವುದು.

ಮಗಳು ಶಾಲಿನಿ ಕಾಲೇಜು ಸೇರಿದ ವರ್ಷ ಮನೆಗೇ ಒಂದು ಹೆಸರಿಲ್ಲದ ಸರಕು ಬಂತು. ಊರಂಚಿನ ಸಾಲ್ಟ್ ಲೇಕಿನಲ್ಲಿ ಸಾಫ್ಟ್‌ವೇರ್ ಕಟ್ಟಡಗಳು ಏಳುತ್ತಿದ್ದ ಕಾಲವದು. ಗರಿಯಾಹಾಟಿನ ಮಾರುಕಟ್ಟೆಯಿಂದ ಅವಳು ತಂದ ಸಿ.ಡಿ. ಹಾಕಿದರೆ ಒಂದೇ ಸಮನೆ ಧಬ್ ಧಬ್ ಸದ್ದು. ಕೆಳಗಿನ ಮನೆಯ ಬಂಗಾಳಿ ಚಿಕ್ಕಮ್ಮ, ಮಾಶೀಮಾ, ನೀರಿನ ಪಂಪು ಕೆಟ್ಟಿತೇ ಎಂದು ವಿಚಾರಿಸಿ ಹೋದರು. ನನಗೆ ಸದ್ದಿನ ಚಿಂತೆಯಿರಲಿಲ್ಲ. ಕನ್ನಡದಲ್ಲಿ ಏನು ಕೇಳಿದರೂ ಮಗಳು ಇಂಗ್ಲಿಷಿನಲ್ಲಿ ಒಂದೇ ಮಾತಿನ ಉತ್ತರ ಕೊಡುತ್ತಿದ್ದಳು. ಹೀಗೇ ಹೋದರೆ ಇಬ್ಬರ ನಡುವೆ ಮಾತೇ ಉಳಿಯದೆಂಬ ಭಯವಿತ್ತು.

"ಇದು ಟ್ರಾನ್ಸ್ ತಾನೆ?" ಎಂದೆ, ಸಿ.ಡಿ.ಯ ಮೇಲೆ ಪಟ್ಟಿಮಾಡಿದ್ದ ಡಾನ್ಸ್ ಸಂಗೀತದ ಬಗೆಗಳಲ್ಲಿ ಒಂದನ್ನು ಓದಿ.

"ನೋ ಅಪ್ಪ. ಹೌಸ್."

ಸರಿ, ಪಾಠ ಶುರುವಾಯಿತು. ಕೈಗಡಿಯಾರ ನೋಡುತ್ತ ತೊಡೆಯ ಮೇಲೆ ತಾಳ ಹಾಕಿ ಲೆಕ್ಕ ಹಿಡಿದೆ. ನಿಮಿಷಕ್ಕೆ ನೂರಿಪ್ಪತ್ತರ ಆಸುಪಾಸು ಪೆಟ್ಟು ಬಿದ್ದರೆ ಹೌಸ್. ಅದಕ್ಕಿಂತ ಚುರುಕಾಗಿ, ರಾಗ ಉಬ್ಬುತ್ತ ಹೋದರೆ ಟ್ರಾನ್ಸ್. ಎರಡರ ಗುಣವೂ ಇರುವ ಪ್ರೊಗ್ರೆಸಿವ್ ಹೌಸ್ ಬಂದಾಗ ಮಾತ್ರ ಕಂಗಾಲಾದೆ. ಹಪ್ಪಳ ಧಾನ್ಯವೋ ತಿನಿಸೋ ಎಂದು ನಮ್ಮ ಆಫೀಸಿನಲ್ಲಿ ಕಡತ ಮೇಜಿಂದ ಮೇಜಿಗೆ ಓಡಾಡಿದ್ದು ನೆನಪಾಯಿತು.

ಒಂದು ಭಾನುವಾರ ಬೆಳಿಗ್ಗೆ ಅವಳು ಹಾಕಿದ್ದು ಪ್ರೊಗ್ರೆಸಿವ್ ಹೌಸ್ ಎಂದು ಸರಿಯಾಗಿ ಗುರುತಿಸಿದೆ.

"ಕರೆಕ್ಟ್," ಎಂದಳು ಶಾಲಿನಿ. "ಬಟ್ ಹೌ ವಾಸ್ ದ ಮ್ಯೂಸಿಕ್, ಅಪ್ಪ?"

ನಾನು ಪೆಟ್ಟು ಎಣಿಸಿದ್ದೆನೇ ಹೊರತು ಕೇಳಿರಲಿಲ್ಲ. ನಾಚಿಕೆಯಾಯಿತು. ಹುಡುಗನಾಗಿದ್ದಾಗ ನನ್ನನ್ನು ಸಂಗೀತಕ್ಕೆ ಎಳೆದದ್ದಾದರೂ ರಾಗಲಕ್ಷಣವೇ? ಸೋದರಮಾವ ಕಚೇರಿಗೆ ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡು, ನಡುವೆ ಬೋಂಡ ಕೊಡಿಸುತ್ತಿದ್ದ. ರಾಗಗಳ ಹೆಸರುಗಳು ಬಂದದ್ದು ಎಷ್ಟೋ ಕಾಲದ ಮೇಲೆ.

ಗಡಿಯಾರ ಬಿಚ್ಚಿಟ್ಟು, "ಇನ್ನೊಂದ್ಸಲ ಹಾಕಮ್ಮ," ಎಂದೆ. ಅವಳು ಹಾಕಿ ಪಕ್ಕದಲ್ಲೇ ಬಂದು ಕೂತಳು. ನಡುವೆ ಎಲ್ಲೋ ಮೋಹನ ರಾಗದ ನೆರಳು ಸುಳಿದಂತಾಯಿತು. ನಾಲಿಗೆಯ ತುದಿಗೆ ಬಂದ ಹೆಸರನ್ನು ಕಷ್ಟಪಟ್ಟು ನುಂಗಿದೆ. ಆಗ ಶಾಲಿನಿ ನನ್ನ ಕಿವಿಯ ಬಳಿ ಬಾಗಿ, "ಈಗ ಬರತ್ತೆ ನೋಡು ಅಪ್ಪ. ಕೇಳು," ಎಂದಳು. ಕನ್ನಡದಲ್ಲೇ.

ಏನು ಬಂತೋ ನನಗೆ ತಿಳಿಯಲಿಲ್ಲ. ತಿಳಿದವನಂತೆ ಸಂತೋಷವಾಗಿ ತಲೆಯಾಡಿಸಿದೆ. ಸಂಗೀತ ಕಚೇರಿಗಳಲ್ಲಿ ನನ್ನ ಪಕ್ಕ ಕೂತವರೂ ಇಷ್ಟು ವರ್ಷ ಅದನ್ನೇ ಮಾಡುತ್ತಿದ್ದಿರಬೇಕು.