ರೈಟ್ ಎಂಬ ಮಾತು

ಬಸ್ಸಿನ ಬಾಗಿಲಿಗೆ ಎರಡು ಏಟು ಬಡಿದು ಕಂಡಕ್ಟರು ‘ರೈಟ್!’ ಎಂದು ಕೂಗಿದರೆ ಇವತ್ತಿಗೂ ನನ್ನ ಎದೆ ಹಿಗ್ಗುತ್ತದೆ, ಗೆಳೆಯರೇ. ಐವತ್ತರ ದಶಕ ಮುಗಿಯುತ್ತ ಬಂದ ಆ ಬೇಸಿಗೆಯಲ್ಲಿ ಇಂಗ್ಲಿಷು ನನಗೆ ಹೊಸ ಹುಚ್ಚು. ಶಿರಾಳಕೊಪ್ಪದ ನಮ್ಮ ಮೇಷ್ಟ್ರು ಆ ಒಂದೇ ಪದಕ್ಕೆ ಹಲಗೆ ತುಂಬ ಅರ್ಥ ಬರೆದಿದ್ದರು. ನಾನು ಬಾಯಿಪಾಠ ಮಾಡಿ ಸಿಕ್ಕವರಿಗೆಲ್ಲ ಒಪ್ಪಿಸುತ್ತಿದ್ದೆ.

ಆಗಲೇ ಅವ್ವನೊಂದಿಗೆ ಜಡೆಗೆ, ಸೋದರಮಾವನ ಮನೆಗೆ ಹೊರಟೆ. ಅಜ್ಜ ತೀರಿಕೊಂಡು ವರ್ಷವಾಗಿತ್ತು. ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲುಂಟೆಂಬ ಹೊಸ ಕಾನೂನು ಬಂದಿದ್ದರಿಂದ, ‘ನನಗೇನೂ ಬೇಡ’ ಎಂಬ ಪತ್ರಕ್ಕೆ ಅವ್ವನ ಹೆಬ್ಬೆಟ್ಟು ಬೇಕೆಂದು ಮಾವ ಹೇಳಿಕಳಿಸಿದ್ದರು. ಗಂಡನನ್ನು ಕಳೆದುಕೊಂಡು, ಬಟ್ಟೆ ಹೊಲಿದು ನನ್ನನ್ನು ಓದಿಸುತ್ತಿದ್ದ ಅವ್ವ ದಾರಿಯುದ್ದಕ್ಕೂ ಮಂಕಾಗಿದ್ದಳು.

ಸೊರಬದಲ್ಲಿ ಜಡೆಯ ಬಸ್ಸು ಹತ್ತಿ ಕೂತ ಮೇಲೆ ನೀರು ಕುಡಿಯಲೆಂದು ಅವಳು ಇಳಿದಳು. ಅಷ್ಟರಲ್ಲಿ ಕಂಡಕ್ಟರು ‘ರೈಟ್’ ಎಂದೇಬಿಟ್ಟ, ಬಸ್ಸು ಉರುಳಿತು. ಕನ್ನಡವೆಲ್ಲ ಮರೆತು ನಾನು “ರಾಂಗ್! ರಾಂಗ್!” ಎಂದು ಕಿರುಚಿದೆ. ಗಕ್ಕನೆ ಬ್ರೇಕು.

“ಏನಾತವ್ವ ತಂಗಿ?” ಎಂದ ಕಂಡಕ್ಟರು.

“ನಮ್ಮವ್ವ ಕೆಳಗೇ ಅದಾಳ್ರೀ!”

ಬಸ್ಸೆಲ್ಲ ನಕ್ಕಿತು. ಏದುಸಿರು ಬಿಡುತ್ತ ಹತ್ತಿದ ಅವ್ವ, “ಅದೇನೇ ಅದು ರೈಟು?” ಎಂದಳು. ನನಗೆ ಅಷ್ಟೇ ಸಾಕಿತ್ತು.

“ಸರಿ ಅನ್ನೋದೂ ರೈಟು, ಬಲಗೈಯೂ ರೈಟು, ಹೊರಡು ಅನ್ನೋದೂ ರೈಟು. ಮಗುಚಿದ್ದನ್ನ ಎತ್ತಿ ನಿಲ್ಲಿಸೋದೂ ರೈಟು, ಆಗ ಅದು ಕ್ರಿಯಾಪದ! ಹಕ್ಕಿಗೂ ಅದೇ ಮಾತು ಕಣವ್ವ.”

“ಗುಡವಿ ಕೆರೆಗೆ ಬರೋ ಹಕ್ಕಿಗಾ?”

“ಅಲ್ಲವ್ವ, ಪಾಲು ಕೇಳೋ ಹಕ್ಕಿಗೆ!”

ಅವ್ವ ನನ್ನತ್ತ ತಿರುಗಿ ಕೂತಳು. “ಹಂಗಾದ್ರೆ ಅವ್ರಿಗೆ ಸರಿ ಅನ್ನೋದೂ ಹಕ್ಕು ಅನ್ನೋದೂ ಒಂದೇ ಮಾತೇನೆ?”

“ಒಂದೇ!” ಎಂದೆ, ಜಂಬದಿಂದ. ನಮ್ಮಲ್ಲಿ ಸರಿ ಎಂಬುದು ಜಗಲಿಯಲ್ಲಿ ಕೂತರೆ ಹಕ್ಕು ಎಂಬುದು ಕಚೇರಿಯಲ್ಲಿ ಕೂತಿರುತ್ತದೆ. ಅವೆರಡನ್ನೂ ನಾನು ಒಂದೇ ಸೀಟಿನಲ್ಲಿ ಕೂರಿಸಿದೆನೆಂಬುದು ಆ ವಯಸ್ಸಿನಲ್ಲಿ ನನಗೆ ಹೊಳೆಯಲಿಲ್ಲ.

ಮಾವನ ಮನೆಯಲ್ಲಿ ಪತ್ರ ಸಿದ್ಧವಾಗಿತ್ತು, ಮಸಿಯೂ. ಹೆಬ್ಬೆರಳು ಚಾಚಿದ ಅವ್ವ ಥಟ್ಟನೆ ಹಿಂದಕ್ಕೆಳೆದುಕೊಂಡಳು. “ತಮ್ಮಾ, ಕೆಳಗಿನ ಗದ್ದೆ ನಂಗೆ ಬೇಕು.”

“ಯಾರು ಹೇಳಿಕೊಟ್ರಕ್ಕ?”

“ಯಾರು ಹೇಳಿದ್ರೇನು? ನಾನೂ ಅಪ್ಪನ ಮಗಳಲ್ವೇನೋ?”

ಮಾವ ಊಟಕ್ಕೂ ಏಳಲಿಲ್ಲ. ಇಳಿಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡು, “ಬಾ” ಎಂದಷ್ಟೇ ಹೇಳಿ ಮುಂದೆ ನಡೆದರು. ಕೆಳಗಿನ ಗದ್ದೆಯ ಬದುವಿನ ಮೇಲೆ ನಿಂತು ಅವ್ವ ಹಿಡಿ ಮಣ್ಣು ಎತ್ತಿ ಪುಡಿಮಾಡಿದಳು.

“ಇಲ್ಲಿ ಯಾವ ಭತ್ತ ಹಾಕ್ತೀಯೋ?”

ಮಾವ ಅವಳತ್ತ ತಿರುಗಿದರು.

“ಇನ್ಮೇಲೆ ಅದನ್ನ ನೀನೇ ಹೇಳ್ಬೇಕು, ಅಕ್ಕ.”